ತಿರುಗಿಬಿದ್ದವರು ಯಾರು?

ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯಕ್ಕಾಗಿ ದೇವನೂರ ಮಹಾದೇವರ ‘ಒಡಲಾಳ’ವನ್ನು ಈಚೆಗೆ ಪೊನ್ನಂಪೇಟೆಯ ಮನೆಯಲ್ಲಿ ಕೂತು ಮತ್ತೆ ಓದಿದೆ. ಸಾಕವ್ವನ ಹುಂಜ ಕಳೆದುಹೋದರೆ ಹುಡುಕಾಟ ಅವಳದೇ. ಎತ್ತಪ್ಪನ ಕಡಲೆಕಾಯಿ ಮೂಟೆ ಕಳುವಾದರೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಯಾರ ನಷ್ಟ ಕಾನೂನಿನ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಕತೆ ಇಷ್ಟರಲ್ಲೇ ಹೇಳಿಬಿಡುತ್ತದೆ. ಕಡಲೆಕಾಯಿ ಎಲ್ಲಿ ಹೋಯಿತೆಂದು ಮನೆಯವರಿಗೆಲ್ಲ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಆ ಮೌನ ಪ್ರತಿರೋಧ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ.

ಈ ಸಲ ಆ ಮಾತು ಸಾಲದೆನಿಸಿತು. ಕಾರಣ, ಜೊತೆಗೇ ಓದುತ್ತಿದ್ದ ಕಂಬಾಲಪಲ್ಲಿಯ ವಿವರಗಳು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ‘ತಿರುಗಿಬಿದ್ದಿದ್ದರು’.

ಈ ಪದವನ್ನು ಸ್ವಲ್ಪ ನೋಡೋಣ. ಕನ್ನಡದಲ್ಲಿ ತಿರುಗಿಬೀಳುವುದೆಂದರೆ ಬಂಡೇಳುವುದು. ಆಳು ಒಡೆಯನ ಮೇಲೆ ತಿರುಗಿಬೀಳುತ್ತಾನೆ. ಕೋರ್ಟಿನ ಸುದ್ದಿಯಲ್ಲಿ ಮಾತ್ರ ಅರ್ಥ ತಲೆಕೆಳಗಾಗಿ, ಹೆದರಿ ತಲೆ ತಗ್ಗಿಸಿದವರನ್ನೂ ತಿರುಗಿಬಿದ್ದವರು ಅನ್ನುತ್ತೇವೆ. ಕೇಸು ಬಿದ್ದುಹೋದ ತಪ್ಪು ಸಾಕ್ಷಿಯ ತಲೆಗೆ ಬರುತ್ತದೆ.

ಸಾಕವ್ವನ ಮನೆಯ ಮೌನ ಆ ಮನೆಯನ್ನು ಕಾಯಿತು. ಕಂಬಾಲಪಲ್ಲಿಯ ಮೌನ ಸತ್ತವರ ಪರ ನಿಲ್ಲಲಿಲ್ಲ. ಆದರೆ ಎರಡರ ಹಿಂದೆಯೂ ಇರುವ ತಿಳಿವಳಿಕೆ ಒಂದೇ: ಪೊಲೀಸರು ಬಂದು ಹೋಗುತ್ತಾರೆ, ಎತ್ತಪ್ಪ ಊರಲ್ಲೇ ಇರುತ್ತಾನೆ.

ನಮ್ಮೂರ ಸುತ್ತಿನ ಕಾಫಿ ತೋಟದ ಲೈನ್‌ಮನೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಲಸ, ಸೂರು, ಮುಂಗಡದ ಸಾಲ ಎಲ್ಲವೂ ಒಬ್ಬನೇ ಮಾಲೀಕನ ಕೈಯಲ್ಲಿರುವಾಗ ಸಾಕ್ಷಿ ಹೇಳುವುದೆಂದರೆ ಆ ಮೂರನ್ನೂ ಪಣಕ್ಕಿಟ್ಟಂತೆ. ಕಾನೂನಿಗೆ ಇದು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 15ಎ ಕಲಂ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಸಂತ್ರಸ್ತರಿಗೂ ಸಾಕ್ಷಿಗಳಿಗೂ ರಕ್ಷಣೆ, ಓಡಾಟದ ಖರ್ಚು, ಅಗತ್ಯವಿದ್ದರೆ ಬೇರೆಡೆ ನೆಲೆ, ಜಾಮೀನು ಅರ್ಜಿ ಬಂದಾಗ ಸಂತ್ರಸ್ತರ ಮಾತು ಕೇಳಬೇಕೆಂಬ ಹಕ್ಕು, ಎಲ್ಲ ಅದರಲ್ಲಿವೆ. ಕಂಬಾಲಪಲ್ಲಿಗೆ ಅದು ತಡವಾಗಿತ್ತು.

ಸಾಕ್ಷಿ ನಿಂತರೆ ಏನಾಗಬಹುದೆಂಬುದಕ್ಕೆ ಕೊಪ್ಪಳ ಜಿಲ್ಲೆಯ ಮರಕುಂಬಿಯಿದೆ. 2014ರ ಆಗಸ್ಟ್‌ನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪು ಮೇಲ್ಮನವಿಗೆ ಹೋಗಿದೆ. ಆದರೂ ಹತ್ತು ವರ್ಷ ಅದೇ ಊರಲ್ಲಿ ಬದುಕುತ್ತ ಹೇಳಿಕೆಗೆ ಅಂಟಿಕೊಂಡವರೇ ನಿಜವಾಗಿ ತಿರುಗಿಬಿದ್ದವರು ಎಂದು ನನಗನಿಸುತ್ತದೆ.

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಮೌನವನ್ನು ಪ್ರತಿರೋಧವೆಂದು ಹೊಗಳುವುದು ವಿಮರ್ಶಕರಿಗೆ ಸುಲಭ. ಮಾತಾಡಿದರೆ ಏನು ಕಳೆದುಕೊಳ್ಳಬೇಕಾಗಿತ್ತು ಎಂದು ಲೆಕ್ಕ ಹಾಕದೆ ಆ ಹೊಗಳಿಕೆಯನ್ನು ಇನ್ನು ಬರೆಯಲಾರೆ.