ಸ್ತ್ರೀವೇಷದ ಸುತ್ತಳತೆ

ಈ ವಾರ ಚೆಂಡೆಯ ಶ್ರುತಿಯ ಬಗ್ಗೆ ಬರೆಯುತ್ತೇನೆ ಎಂದಿದ್ದೆ. ಅದು ಮುಂದಕ್ಕೆ ಹೋಯಿತು. ಅದಕ್ಕೆ ದರ್ಜಿಗಳೇ ಕಾರಣ. ತಿರುಗಾಟಕ್ಕೆ ಹೊರಡುವ ಹೊತ್ತು ಬಂತು, ಯಕ್ಷಗಾನ ಮೇಳಗಳ ಪೆಟ್ಟಿಗೆಗಳು ಹೊರಗೆ ಬರುತ್ತಿವೆ. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಊರಿಗೆ ಹೋದ ಸ್ತ್ರೀವೇಷಧಾರಿಗಳು ಐದಾರು ತಿಂಗಳ ಮಳೆ, ಹಲಸಿನ ಹಪ್ಪಳ, ತಾಳಮದ್ದಳೆಗಳ ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಮುಗಿಸಿ ಈಗ ಹಳೆಯ ರವಿಕೆ ತೊಟ್ಟು ನೋಡುತ್ತಾರೆ. ರವಿಕೆ ಒಪ್ಪುವುದಿಲ್ಲ. ದರ್ಜಿ ಹೊಲಿಗೆ ಬಿಚ್ಚುತ್ತಾನೆ, ಬಗಲಿಗೆ ಒಂದು ತುಂಡು ಸೇರಿಸುತ್ತಾನೆ, ಬಾಯಿ ಮುಚ್ಚಿಕೊಂಡು ದುಡ್ಡು ತೆಗೆದುಕೊಳ್ಳುತ್ತಾನೆ. ಬಾಯಿ ಮುಚ್ಚದವರು ನಮ್ಮ ರಸಿಕರು.

ಎದುರು ಪಾಳಯದವರು ಯಾರೆಂದು ಹಳೆಯ ಓದುಗರಿಗೆ ಗೊತ್ತು. ‘ಸ್ತ್ರೀವೇಷ ಅಂದರೆ ಥೇಟ್ ಹೆಣ್ಣೇ ಆಗಿ ಕಾಣಬೇಕು’ ಎನ್ನುವ ಪಂಥ. ಹೊಟ್ಟೆ ಬಂದ ಸ್ತ್ರೀವೇಷವನ್ನು ಪುರುಷವೇಷಕ್ಕೆ ತಳ್ಳಿ, ಸಪೂರದ ಹುಡುಗರನ್ನು ತನ್ನಿ ಎಂದು ವರ್ಷಕ್ಕೊಮ್ಮೆ, ಸರಿಯಾಗಿ ಈ ಹೊತ್ತಿಗೆ, ಅವರು ಹೇಳುತ್ತಾರೆ. ಅವರು ಆಟ ನೋಡುವ ಕ್ರಮವೇ ಬೇರೆ. ಚೌಕಿಗೆ ಬಂದು ಮೇಕಪ್ ಮುಗಿದ ಮುಖದ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಪ್ರವೇಶದ ಪದ್ಯ ಮುಗಿದರೆ ಚಹಾಕ್ಕೆ ಏಳುತ್ತಾರೆ. ಫೋಟೋದಲ್ಲಿ ಕಂಡದ್ದೇ ವೇಷ ಎಂದು ತಿಳಿದವರ ಜೊತೆ ವಾದ ಮಾಡುವುದು ಕಷ್ಟ. ಆದರೂ ಮಾಡುತ್ತೇನೆ, ಅಂಕಣದ ಜಾಗ ತುಂಬಬೇಕಲ್ಲ.

ಮೊದಲು ನೋಡಬೇಕಾದ್ದು ಇದು: ನಮ್ಮ ಆಟದಲ್ಲಿ ಸ್ತ್ರೀವೇಷ, ಹಾಸ್ಯದಂಥವನ್ನು ಬಿಟ್ಟು ಉಳಿದ ಹೆಚ್ಚಿನ ವೇಷಗಳೂ ಮೈಯನ್ನು ಹಿಗ್ಗಿಸಲೆಂದೇ ಹುಟ್ಟಿದವು. ಕಡ್ಡಿಯಂಥ ಮನುಷ್ಯನಿಗೂ ದಗಲೆ ತೊಡಿಸಿ, ಸೊಂಟಕ್ಕೆ ಸುತ್ತಿನ ಮೇಲೆ ಸುತ್ತು ಬಟ್ಟೆ ಬಿಗಿದು, ಭುಜಕೀರ್ತಿ ಕಟ್ಟಿ, ತಲೆಗೆ ಕಿರೀಟವೋ ಮುಂಡಾಸೋ ಇಟ್ಟರೆ ಒಬ್ಬ ರಾಜ ಎದ್ದು ನಿಲ್ಲುತ್ತಾನೆ. ಬಣ್ಣದ ವೇಷಕ್ಕಂತೂ ಒಳಗಿರುವ ಮನುಷ್ಯನ ಗಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಪುರುಷವೇಷ ಕಟ್ಟುವ ಹೆಂಗಸರಿಗೂ ಇದು ದೊಡ್ಡ ಅನುಕೂಲ. ಅವರ ಹೆಗಲಿಗೆ ಬೇಕಾದ ಅಗಲವನ್ನು ಮರದ ಭುಜಕೀರ್ತಿಯೇ ಕೊಡುತ್ತದೆ. ಸ್ತ್ರೀವೇಷಕ್ಕೆ ಮಾತ್ರ ಆ ಆಸರೆ ಇಲ್ಲ. ಒಂದು ಸೀರೆ, ಗಿಡ್ಡ ತೋಳಿನ ರವಿಕೆ, ಡಾಬು, ತಲೆಗೆ ಚವರಿ. ರಾಜರ, ರಾಕ್ಷಸರ ನಡುವೆ ತನ್ನ ಮೈಯನ್ನೇ ಮೈಯಾಗಿ ತೋರಿಸಬೇಕಾದವನು ಇವನೊಬ್ಬ.

ಹಾಗಾಗಿ ಮೈ ಮುಖ್ಯವಲ್ಲ ಎಂದು ನಾನೂ ಹೇಳುವುದಿಲ್ಲ. ಮೈಯ ಯಾವ ಭಾಗ ಎಂಬುದರಲ್ಲಿ ಎದುರು ಪಾಳಯಕ್ಕೂ ನನಗೂ ಜಗಳ. ಅವರ ಕಣ್ಣು ಹೊಟ್ಟೆಯ ಮೇಲೆ. ನೋಡಬೇಕಾದ್ದು ಹೆಗಲನ್ನು.

ಚೌಕಿಯಲ್ಲಿ ಕಣ್ಣು ತೆರೆದು ಕೂತವರಿಗೆ ಇದು ಗೊತ್ತಿರುತ್ತದೆ. ಅನುಭವಸ್ಥ ಸ್ತ್ರೀವೇಷಧಾರಿ ಗಂಡಸಿನ ಮೈಯನ್ನು ಕಡಿಮೆ ಮಾಡಲು ಹೊರಡುವುದಿಲ್ಲ, ಅದಕ್ಕೆ ಕೂಡಿಸುತ್ತಾನೆ. ಹೆಗಲು ಎಷ್ಟು ಅಗಲವೋ ಸೊಂಟದ ಕೆಳಗೆ ಅಷ್ಟು ಬಟ್ಟೆ ಸುತ್ತುತ್ತಾನೆ. ಕೆಳಗೆ ತುಂಬಿದ ಹಾಗೆ ಮೇಲಿನದು ಕಣ್ಣಿಗೆ ತಗ್ಗುತ್ತದೆ, ನಡುವೆ ಡಾಬು ಬಿಗಿದರೆ ನಡು ತಾನಾಗಿ ಹುಟ್ಟುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಿಲೋ ಅಲ್ಲ, ಒಂದಕ್ಕೊಂದು ಇರುವ ಪ್ರಮಾಣ. ಮೈ ತುಂಬಿದವನಿಗೆ ಸೊಂಟದ ಸುತ್ತ ಅರ್ಧ ಕೆಲಸ ದೇವರೇ ಮಾಡಿಟ್ಟಿರುತ್ತಾನೆ, ಕೆನ್ನೆ ಕತ್ತುಗಳ ಮೂಳೆಗಳೂ ಮುಚ್ಚಿರುತ್ತವೆ. ನಿಜವಾಗಿ ಕಷ್ಟಪಡಬೇಕಾದವನು ಸಪೂರದವನು. ಎತ್ತರ, ಚಪ್ಪಟೆ ಸೊಂಟ, ಎರಡು ಕಡೆ ಚಾಚಿದ ಹೆಗಲ ಮೂಳೆ, ಎದ್ದು ಕಾಣುವ ಗಂಟಲಮಣಿ. ಜಿಮ್ಮಿಗೆ ಹೋಗಿ ಬಂದ ಈಗಿನ ಹುಡುಗರಿಗೆ ಹೊಟ್ಟೆಯೇನೋ ಇಲ್ಲ, ಸರಿ. ಆದರೆ ಆ ತೋಳುಗಳ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋಗಲು ನಳನಿಗೆ ಯಾವ ಆತಂಕವೂ ಆಗಬಾರದು.

ನನ್ನ ಮಾತಿಗೆ ಸಾಕ್ಷಿ ಬೇಕಾದರೆ ವಿರಾಟಪರ್ವ ಉಂಟು. ನಾನು ಮತ್ತೆ ಮತ್ತೆ ಹೋಗುವ ಪರ್ವ ಅದು, ಸಹಿಸಿಕೊಳ್ಳಿ. ವ್ಯಾಸರ ಕಥೆಯಲ್ಲಿ ಅರ್ಜುನ ಬೃಹನ್ನಳೆಯಾಗಿ ಬಳೆ ತೊಟ್ಟು, ಕೂದಲು ಇಳಿಬಿಟ್ಟು ವಿರಾಟನ ಸಭೆಗೆ ಬರುತ್ತಾನೆ. ವಿರಾಟ ಮರುಳಾಗುವುದಿಲ್ಲ. ಸಲಗದ ಹಾಗಿದ್ದೀಯಲ್ಲ, ಬಿಲ್ಲು ಹಿಡಿಯಬೇಕಾದ ಮೈ ಇದು, ನೀನು ಷಂಡನೆಂದು ಹೇಗೆ ನಂಬಲಿ ಎನ್ನುತ್ತಾನೆ. ಹಾಡು, ಕುಣಿತ ನೋಡಿ, ಪರೀಕ್ಷೆ ಮಾಡಿಸಿದ ಮೇಲೆಯೇ ಅಂತಃಪುರದ ಬಾಗಿಲು ತೆರೆಯುವುದು. ಅಜ್ಞಾತವಾಸವೆಲ್ಲ ಆ ವೇಷ ನಿಲ್ಲುತ್ತದೆ, ಕುಣಿತ ಕಲಿಸುವವನ ವಿದ್ಯೆಯ ಬಲದಿಂದ. ಮತ್ತೆ ಗೋಗ್ರಹಣ. ಕೌರವಸೇನೆ ಕಂಡು ರಾಜಕುಮಾರ ಉತ್ತರ ರಥದಿಂದ ಹಾರಿ ಓಡುತ್ತಾನೆ, ಬೃಹನ್ನಳೆ ಹಿಂದೆಯೇ ಅಟ್ಟಿಸಿಕೊಂಡು ಓಡುತ್ತಾಳೆ, ಜಡೆ ತೂಗುತ್ತದೆ, ಕೆಂಪು ವಸ್ತ್ರ ಹಾರುತ್ತದೆ. ಸೈನಿಕರು ನಗುತ್ತಾರೆ. ಕುರುಗಳಲ್ಲಿ ತಿಳಿದವರು ಮಾತ್ರ ನಗುವುದಿಲ್ಲ. ಕೊಂಚ ಗಂಡು, ಕೊಂಚ ಹೆಣ್ಣು. ಆದರೆ ಅದೇ ತಲೆ, ಅದೇ ಕತ್ತು, ಅದೇ ಗದೆಯಂಥ ತೋಳು, ಅದೇ ನಡೆ, ಇವನು ಅರ್ಜುನನೇ ಇರಬೇಕು ಎಂದು ಲೆಕ್ಕ ಹಾಕುತ್ತಾರೆ. ಕುಣಿಯುವಾಗ ಉಳಿದ ವೇಷ ಓಡುವಾಗ ಬಿಚ್ಚಿಹೋಯಿತು. ಬಿಟ್ಟುಕೊಟ್ಟದ್ದು ಕತ್ತು, ತೋಳು, ನಡೆ. ಅರ್ಜುನನ ಹೊಟ್ಟೆಯ ಬಗ್ಗೆ ಕುರುಗಳಲ್ಲಿ ಯಾರೂ ಒಂದು ಮಾತಾಡಲಿಲ್ಲ.

ಹೆಗಲನ್ನು ಮುಚ್ಚಿಡುವ ವಿದ್ಯೆ ಬಟ್ಟೆಯಲ್ಲಿಲ್ಲ, ಅಭ್ಯಾಸದಲ್ಲಿದೆ. ಮೊಣಕೈ ಮೈಗೆ ಹತ್ತಿರ, ಹೆಗಲು ಹಿಂದಕ್ಕೆ ಸರಿಸಿ ಕೆಳಗಿಳಿಸಿ, ಅಂಗೈ ನೋಡುವವರಿಗೆ ಅಡ್ಡವಾಗದೆ ಅಂಚಿನಲ್ಲಿ ಕಾಣುವಂತೆ. ಜಪಾನಿನ ಕಬುಕಿಯಲ್ಲಿ ಹೆಣ್ಣುಪಾತ್ರ ಮಾಡುವ ಒನ್ನಗಾತರೂ ಹೆಗಲೆಲುಬುಗಳನ್ನು ಹಿಂದೆ ಕೂಡಿಸಿ ಇಳಿಸುತ್ತಾರೆ, ಮೊಣಕಾಲು ಜೋಡಿಸಿ ಬಾಗಿಸಿಯೇ ನಡೆಯುತ್ತಾರೆ. ಈ ಕಾಲದ ಹೆಸರಾಂತ ಒನ್ನಗಾತ ಬಾಂಡೊ ತಮಸಬುರೊ ಎತ್ತರದ ಆಳು. ನಾಯಕನಿಗಿಂತ ಗಿಡ್ಡ ಕಾಣಲು ಉದ್ದನೆಯ ಉಡುಪಿನೊಳಗೆ ಮೊಣಕಾಲು ಮಡಚಿಕೊಂಡೇ ಇಡೀ ನಾಟಕ ಮುಗಿಸಬೇಕು. ನಮ್ಮವರಿಗೆ ಆ ಕಷ್ಟ ಕಮ್ಮಿ, ನಾಯಕನ ತಲೆಯ ಮೇಲೆ ಕಿರೀಟವಿದೆಯಲ್ಲ.

ಗಾತ್ರ ಎನ್ನುವುದು ಪಕ್ಕದವನನ್ನು ನೋಡಿ ಹುಟ್ಟುವ ಮಾತು. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜೊತೆ ಸೇರಿ ಕಟ್ಟಿದ ಏಕವ್ಯಕ್ತಿ ಯಕ್ಷಗಾನ ನೋಡಿದವರಿಗೆ ಅನುಭವ ಇರಬಹುದು: ರಂಗಸ್ಥಳದಲ್ಲಿ ಸ್ತ್ರೀವೇಷ ಒಂದೇ ಇದ್ದಾಗ ಸ್ವಲ್ಪ ಹೊತ್ತಿನಲ್ಲೇ ಅಳತೆಗೋಲು ಕೈಬಿಟ್ಟುಹೋಗುತ್ತದೆ. ಹೋಲಿಸಲು ಇನ್ನೊಂದು ಮೈ ಇಲ್ಲ.

ಪರಂಪರೆ ತೂಕಕ್ಕೆ ಅನ್ಯಾಯ ಮಾಡಿಲ್ಲವೆಂದಲ್ಲ. ಶೂರ್ಪನಖಿಯನ್ನೇ ನೋಡಿ. ಘೋರ ಶೂರ್ಪನಖಿ ಹೆಣ್ಣುಬಣ್ಣಕ್ಕೆ, ಅಂದರೆ ದಪ್ಪ ಮೈಯ, ದೊಡ್ಡ ಗಂಟಲಿನ ಕಲಾವಿದನಿಗೆ. ಅವಳೇ ಚೆಲುವೆಯಾಗಿ ರಾಮನ ಎದುರು ಬರುವಾಗ ಮಾಯಾ ಶೂರ್ಪನಖಿ, ಸ್ತ್ರೀವೇಷದವನಿಗೆ. ಪೂತನಿಗೂ ಹೀಗೆ ಎರಡು ಮೈ. ಒಂದೇ ಹೆಂಗಸು, ಆಸೆ ಪಡುವಾಗ ಸಪೂರ, ರಕ್ತ ಕುಡಿಯುವಾಗ ದಪ್ಪ. ರಂಗದ ಅನುಕೂಲಕ್ಕೆ ಆದ ವ್ಯವಸ್ಥೆ ಇದು, ಒಳ್ಳೆಯ ವ್ಯವಸ್ಥೆಯೇ. ಆದರೆ ಅದನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ದಪ್ಪ ಹೆಣ್ಣೆಂದರೆ ರಾಕ್ಷಸಿ ಎಂಬ ರೂಢಿ ಬಿದ್ದಿದೆ. ದಪ್ಪ ಮೈಯ ಚಂದ್ರಮತಿ ಪ್ರವೇಶ ಮಾಡಿದಾಗ ಹಿಂದಿನ ಸಾಲಿನಲ್ಲಿ ಕೇಳುವ ಕಿಸಕ್ಕೆನ್ನುವ ನಗುವಿಗೆ ಮೂಲ ಇಲ್ಲಿದೆ ಎಂದು ನನ್ನ ಗುಮಾನಿ.

ಗರತಿ ಪಾತ್ರಗಳಿಗೆ ತೂಕ ಒಂದು ಸಂಪತ್ತು. ಚಂದ್ರಮತಿ, ದ್ರೌಪದಿ, ದಾಕ್ಷಾಯಿಣಿ – ಇವರು ರಂಗಸ್ಥಳಕ್ಕೆ ಬಂದರೆ ನೆಲಕ್ಕೆ ಗೊತ್ತಾಗಬೇಕು. ಭಾರದ ಮೈ ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನ ಸರಿಯುವಾಗ ಪದ್ಯದ ವಿಳಂಬಗತಿ ಕಣ್ಣಿಗೆ ಕಾಣುತ್ತದೆ. ಹಗುರದ ಹುಡುಗನಿಗೆ ಆ ನಿಧಾನ ಬರುವುದಿಲ್ಲ, ಮಧ್ಯದಲ್ಲಿ ಎಲ್ಲೋ ಒಂದು ಕುಪ್ಪಳಿಕೆ ಸೇರಿಬಿಡುತ್ತದೆ. ಕೋಳ್ಯೂರು ರಾಮಚಂದ್ರ ರಾಯರು ಎಪ್ಪತ್ತು ದಾಟಿದ ಮೇಲೂ ಸ್ತ್ರೀವೇಷ ಕಟ್ಟಿದರು. ಆಗ ಅವರಲ್ಲಿ ಜನ ನೋಡಿದ್ದು ಹದಿಹರೆಯವನ್ನಲ್ಲ. ಪ್ರಮೀಳೆ, ಶಶಿಪ್ರಭೆಯಂಥ ಕಸೆ ಸ್ತ್ರೀವೇಷಗಳ ಮಾತು ಬೇರೆ. ಕಚ್ಚೆ ಹಾಕಿದ ಮೇಲೆ ತೊಡೆ ಮುಚ್ಚಲು ನೆರಿಗೆ ಇಲ್ಲ, ಮೇಲಿಂದ ಯುದ್ಧದ ಕುಣಿತ. ಅಲ್ಲಿ ಹಗುರದವರೇ ಇರಲಿ, ತಕರಾರಿಲ್ಲ.

‘ಕಾಡಿನಲ್ಲಿ ಹಸಿದ ದ್ರೌಪದಿ ಅಷ್ಟು ದಪ್ಪ ಇರುತ್ತಾಳೆಯೇ’ ಎಂದು ಒಬ್ಬರು ಕೇಳಿದ್ದರು. ಅದೇ ಕಾಡಿನಲ್ಲಿ ಅವಳ ಗಂಡಂದಿರು ಕಿರೀಟ, ಭುಜಕೀರ್ತಿ ಸಮೇತ ಧೀಂಗಿಣ ಹಾಕುತ್ತಾರೆ ಸ್ವಾಮೀ.

ಈ ‘ಥೇಟ್ ಹೆಣ್ಣು’ ರೋಗ ಹೊಸದಲ್ಲ, ಕ್ಯಾಮೆರಾ ತಂದದ್ದು. ಮರಾಠಿ ರಂಗಭೂಮಿಯ ಬಾಲಗಂಧರ್ವರನ್ನು ನೆನೆಯಿರಿ. 1911ರ ಮಾನಾಪಮಾನದ ಭಾಮಿನಿ, 1916ರ ಸ್ವಯಂವರದ ರುಕ್ಮಿಣಿ, 1919ರ ಏಕಚ್ ಪ್ಯಾಲಾದ ಸಿಂಧು. ಅವರು ಉಟ್ಟ ಸೀರೆಯ ಮಾದರಿ ನೋಡಿ ಹೆಂಗಸರು ಉಟ್ಟರು. ವಯಸ್ಸಾಯಿತು, ಮೈ ತುಂಬಿತು, ಐವತ್ತು ದಾಟಿದ ಮೇಲೂ ರಂಗದ ಮೇಲೆ ಅವರು ಹೆಣ್ಣೇ, ಏಕೆಂದರೆ ಆ ದೂರದಲ್ಲಿ ಗಂಟಲು ಮೈಯನ್ನು ಹೊತ್ತು ನಡೆಸುತ್ತಿತ್ತು. ಸಿನಿಮಾದವರು ಕರೆದಾಗ 1935ರ ಧರ್ಮಾತ್ಮಾದಲ್ಲಿ ಮಾಡಿದ್ದು ಏಕನಾಥರ ಪಾತ್ರ, ಗಂಡುಪಾತ್ರ. 1937ರಲ್ಲಿ ಸಾಧ್ವಿ ಮೀರಾಬಾಯಿಯಲ್ಲಿ ಹೆಣ್ಣಾಗಿ ಕಂಡರು. ರಂಗಮಂಚ ಕ್ಷಮಿಸಿದ ಮೈಯನ್ನು ಲೆನ್ಸು ಕ್ಷಮಿಸುವುದಿಲ್ಲ. ಆಮೇಲೆ ಅವರ ಮಂಡಳಿಯಲ್ಲಿ ಹೆಣ್ಣುಪಾತ್ರಗಳನ್ನು ವಹಿಸಿಕೊಂಡವರು ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ. ಆ ಕತೆಗೇ ಒಂದು ವಾರ ಬೇಕು. ನಮ್ಮ ಆಟಕ್ಕೆ ಈಗ ಆಗುತ್ತಿರುವುದೂ ಇದೇ: ಬಯಲಿನ ದೂರಕ್ಕೆ ಕಟ್ಟಿದ ವೇಷವನ್ನು ಗೇಣುದೂರದ ಮೊಬೈಲಿನಲ್ಲಿ ತೂಗುತ್ತಿದ್ದಾರೆ.

ಅಮೆರಿಕದ ಡ್ರ್ಯಾಗ್ ಲೋಕ ಈ ವಿಷಯದಲ್ಲಿ ನಮಗಿಂತ ದಿಟ್ಟ. ಡಿವೈನ್ ಎಂಬ ಹೆಸರಿನಲ್ಲಿ ಮೆರೆದ ಗ್ಲೆನ್ ಮಿಲ್‌ಸ್ಟೆಡ್ ಭಾರೀ ಮೈಯ ಮನುಷ್ಯ, ಅದನ್ನು ಮುಚ್ಚಿಕೊಳ್ಳಲೇ ಇಲ್ಲ. 1988ರ ಹೇರ್‌ಸ್ಪ್ರೇ ಚಿತ್ರದಲ್ಲಿ ಇಸ್ತ್ರಿ ಹಾಕುತ್ತ ಸಂಸಾರ ನಡೆಸುವ ತಾಯಿ ಎಡ್ನಾ ಆಗಿ ಎಷ್ಟು ಗಟ್ಟಿ ನಿಂತರೆಂದರೆ, ಆ ಪಾತ್ರ ಗಂಡಸರಿಗೇ ಎಂಬ ಪದ್ಧತಿ ಆಗಿಹೋಯಿತು. 2007ರ ಚಿತ್ರದಲ್ಲಿ ಜಾನ್ ಟ್ರವೋಲ್ಟಾ ಆ ಗಾತ್ರಕ್ಕೆ ಮುಟ್ಟಲು ಕೃತಕ ಮೈ ತೊಡಬೇಕಾಯಿತು. ತೂಕ ಇಲ್ಲದ್ದೇ ಕೊರತೆಯಾದ ಸ್ತ್ರೀಪಾತ್ರ! ನಮ್ಮ ಕಡೆ ಇಂಥದ್ದು ಹಾಸ್ಯಗಾರನ ಪಾಲಿಗೆ ಹೋಗುತ್ತದೆ.

ತೂಕದಿಂದ ನಿಜವಾದ ತೊಂದರೆ ಇರುವುದು ಬೇರೆ ಕಡೆ, ಅದನ್ನು ಎದುರು ಪಾಳಯ ಹೇಳುವುದೇ ಇಲ್ಲ. ಒಂದು, ಉಸಿರು. ಕುಣಿದು ನಿಂತ ಕೂಡಲೇ ಅರ್ಥ ಹೇಳಬೇಕು, ಮೈಕು ಬಾಯಿಯ ಹತ್ತಿರವೇ ಇರುತ್ತದೆ; ಲಜ್ಜೆಯಿಂದ ಮೆಲುವಾಗಿ ಆಡಬೇಕಾದ ಮಾತು ಏದುಸಿರಿನಲ್ಲಿ ಮುಳುಗುತ್ತದೆ. ಎರಡು, ಮೊಣಕಾಲು. ಮಂಡಿ ಹಾಕಿ ತಿರುಗುವುದು ಭಾರದ ಮೈಗೆ ಶಿಕ್ಷೆ, ಸೀಸನ್ನಿನ ಕೊನೆಗೆ ಅದು ನಡಿಗೆಯಲ್ಲಿ ಕಾಣುತ್ತದೆ. ಮೂರನೆಯದು ಸಭಾಭವನಗಳ ಹಲಗೆ. ಮಣ್ಣಿನ ರಂಗಸ್ಥಳ ಹೆಜ್ಜೆಯ ಸದ್ದನ್ನು ನುಂಗಿಕೊಳ್ಳುತ್ತಿತ್ತು. ಹಲಗೆಯ ವೇದಿಕೆ ನುಂಗುವುದಿಲ್ಲ, ಮೋಹಿನಿ ಕಾಲಿಟ್ಟಲ್ಲೆಲ್ಲ ದಡ್ ದಡ್ ಎನ್ನುತ್ತದೆ. ಭಸ್ಮಾಸುರನೇ ಬೆಚ್ಚಬೇಕು. ವ್ಯವಸ್ಥಾಪಕರು ದಪ್ಪದೊಂದು ಜಮಖಾನೆ ಹಾಸಿದರೆ ಕಲಾವಿದ ಕರಗಬೇಕಾಗಿಲ್ಲ.

ಇಷ್ಟು ಹೇಳಿ ನನ್ನ ಮೆಚ್ಚಿನ ಸ್ತ್ರೀವೇಷವನ್ನು ಹೇಳದಿದ್ದರೆ ಹೇಗೆ? ಕೀಚಕವಧೆಯ ವಲಲ, ಅಂದರೆ ಭೀಮ. ಮಹಾಭಾರತದ ಅತಿ ದೊಡ್ಡ ಮೈ ಸೀರೆ ಉಡುವ ರಾತ್ರಿ ಅದು. ತಮ್ಮನದು ಅಜ್ಞಾತವಾಸ ಪೂರ್ತಿ ನಿಂತ ವೇಷ, ಅಣ್ಣನದು ಒಂದೇ ರಾತ್ರಿಯದು. ವ್ಯಾಸರಲ್ಲಿ ಸೀರೆಯೂ ಇಲ್ಲ. ನಾಟ್ಯಶಾಲೆಯ ಕತ್ತಲೇ ಅವನ ವೇಷ. ಕೀಚಕ ಸಿಂಗರಿಸಿಕೊಂಡು ಬಂದು, ಮಂಚದ ಮೇಲಿನ ಮೈಯನ್ನು ಮುಟ್ಟಿ, ತನ್ನ ಚೆಲುವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಹೌದಪ್ಪಾ, ನೀನು ಚೆಲುವ, ಆದರೆ ಇಂಥ ಸ್ಪರ್ಶ ನಿನಗೆ ಹಿಂದೆಂದೂ ಸಿಕ್ಕಿರಲಾರದು ಎಂದು ಭೀಮ ಉತ್ತರ ಕೊಡುತ್ತಾನೆ. ಎಷ್ಟು ತಣ್ಣಗಿನ ಮಾತು! ನಮ್ಮ ಆಟದಲ್ಲಿ ಆ ಕತ್ತಲೆಗೆ ಸೀರೆ ಬಂತು, ನಗುವೂ ಬಂತು. ನಗು ಬರಲಿ. ಆದರೆ ಈಚೆಗೆ ಭೀಮ ತಲೆಗೊಂದು ಸೆರಗು ಎಳೆದುಕೊಂಡು, ಮುಷ್ಟಿ ತೋರಿಸಿ, ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಾನೆ. ಅಷ್ಟು ದೊಡ್ಡ ಮೈ ನಿಜವಾಗಿ ನಾಚಬೇಕು, ಹೆಗಲು ಇಳಿಸಬೇಕು, ಲಾಸ್ಯದಲ್ಲಿ ಎರಡು ಹೆಜ್ಜೆ ಇಡಬೇಕು. ಒಂದು ಕ್ಷಣ ಕೀಚಕನ ಜೊತೆ ನಾವೂ ಮೋಸಹೋಗಬೇಕು. ಆಗ ಮಾತ್ರ ಆಮೇಲಿನ ಹೊಡೆತಕ್ಕೆ ಹೆದರಿಕೆ ಹುಟ್ಟುತ್ತದೆ. ಭಾಗವತರು ವಲಲನಿಗೆ ನಿಧಾನದ ಒಂದು ಪದ್ಯ ಕೊಡಲಿ, ಚೌಕಿಯಲ್ಲಿ ಪೂರ್ತಿ ಸೀರೆ ಉಡಲು ಹತ್ತು ನಿಮಿಷ ಬಿಡಲಿ. ಸಮಯ ಇಲ್ಲ ಎನ್ನುವ ಕಾಲಮಿತಿಯವರು ಆ ಹತ್ತು ನಿಮಿಷವನ್ನು ಸನ್ಮಾನದ ಭಾಷಣಗಳಲ್ಲಿ ಉಳಿಸಿಕೊಳ್ಳಲಿ.