ಅತ್ತೆಯ ಕಾಫಿ ಮತ್ತು ಪತ್ರಿಕೆಯ ವಿಜ್ಞಾನ

ಹೋದ ದೀಪಾವಳಿಗೆ ಅಟ್ಟ ಗುಡಿಸುವಾಗ ಅತ್ತೆಯ ಹಳೆಯ ಟ್ರಂಕು ಕೆಳಗಿಳಿಸಿದೆ. ತಳದಲ್ಲಿ, ಒಂದು ರವಿಕೆ ಕಣದ ಮಡಿಕೆಯೊಳಗೆ, ಹಳದಿಗಟ್ಟಿದ ಪತ್ರಿಕೆಯ ತುಂಡೊಂದಿತ್ತು. ಅಂಗೈಗಿಂತ ಚಿಕ್ಕದು. ನೋಡಿದ ಕೂಡಲೇ ಗುರುತು ಹತ್ತಿತು. ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂಬ ಅರ್ಥದ ದಪ್ಪಕ್ಷರದ ತಲೆಬರಹ, ಅದರ ಕೆಳಗೆ ಏಳೆಂಟು ಸಾಲು. ನಮ್ಮ ಮನೆಯ ಒಬ್ಬ ಹೆಂಗಸಿನ ಕೊನೆಯ ನಾಲ್ಕು ವರ್ಷದ ಬೆಳಗುಗಳನ್ನು ಸಪ್ಪೆ ಮಾಡಿದ್ದು ಈ ಏಳೆಂಟು ಸಾಲು.

ಬೇಲೂರು ಎಂದರೆ ಹೊರಗಿನವರಿಗೆ ಶಿಲಾಬಾಲಿಕೆಯರು ನೆನಪಾಗುತ್ತಾರೆ. ಅದೇ ತಾಲ್ಲೂಕಿನ ನಮ್ಮ ಅರೇಹಳ್ಳಿ ಎಂದರೆ ಕಾಫಿ. ಮಗಳ ಮದುವೆ, ಮಗನ ಓದು, ಮನೆಯ ಹೆಂಚು, ಎಲ್ಲವೂ ಕಾಫಿಯ ದರ ನೋಡಿಕೊಂಡೇ ನಡೆಯುವ ಸೀಮೆ. ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿದರೆ ಮೊದಲ ಡಿಕಾಕ್ಷನ್ ಅವರದು. ಎರಡನೆಯದು ಗಂಡಸರಿಗೆ. ಮನೆಯಲ್ಲಿ ಅವರು ತಮಗೆಂದು ಇಟ್ಟುಕೊಂಡಿದ್ದ ಹಕ್ಕು ಅದೊಂದೇ ಇರಬೇಕು. ಒಲೆಯಿಂದ ಇಳಿಸಿದ್ದನ್ನು ಆರಿಸದೆ ಕುಡಿಯುತ್ತಿದ್ದರು. "ತುಟಿ ಸುಡದಿದ್ರೆ ಅದು ಕಾಫಿನೇ ಅಲ್ಲ ಕಣೆ" ಎನ್ನುತ್ತಿದ್ದರು.

1992ರಲ್ಲಿ ನನ್ನ ಮೈದುನ ಹಾಸನದಿಂದ ಬರುವಾಗ ಒಂದು ಪತ್ರಿಕೆ ತಂದು, ಜಗಲಿಯಲ್ಲಿ ಕೂತು ಈ ಸುದ್ದಿಯನ್ನು ಜೋರಾಗಿ ಓದಿದ. ತಮಾಷೆಗೆಂದೇ ಓದಿದ್ದು. ಆದರೆ ಅತ್ತೆಯ ತಂಗಿ ಹಿಂದಿನ ವರ್ಷವಷ್ಟೇ ಅದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಲೋಟವನ್ನು ಬೋರಲು ಹಾಕಿ, "ನನಗೆ ಬಿಸಿನೀರಿಗೆ ಒಂದಿಷ್ಟು ಜೀರಿಗೆ ಹಾಕಿ ಕೊಡಮ್ಮ" ಎಂದರು. ಅದನ್ನೂ ಕುದಿಯುವ ಹಾಗೆಯೇ ಕುಡಿದರು. ಸುತ್ತಮುತ್ತ ಮಾರ್ಚಿಯಲ್ಲಿ ಕಾಫಿ ಹೂ ಬಿಟ್ಟಿತು, ಚಳಿಗಾಲದಲ್ಲಿ ಕಣದ ತುಂಬ ಹಣ್ಣು ಹರಡಿತು, ಅತ್ತೆ ಮಾತ್ರ ಜೀರಿಗೆ ನೀರು ಕುಡಿದರು. 1996ರಲ್ಲಿ, ಅವರು ಹಾಸಿಗೆ ಹಿಡಿದಾಗ, ಒಂದು ಸಂಜೆ ಕೇಳಿದೆ: "ಅತ್ತೆ, ಒಂದು ಗುಟುಕು ಕಾಫಿ ಕೊಡಲಾ?"

"ಬೇಡ ಕಣಮ್ಮ. ಪೇಪರ್‌ನೋರು ಸುಮ್‌ಸುಮ್ನೆ ಬರೀತಾರಾ?"

ಈ ಬರಹ ಆ ಪ್ರಶ್ನೆಗೆ ನಾನು ಆಗ ಕೊಡಲಾಗದ ಉತ್ತರ. ಸುಮ್ಮಸುಮ್ಮನೆ ಬರೆದದ್ದಲ್ಲ, ಆದರೆ ಪೂರ್ತಿ ಬರೆದದ್ದೂ ಅಲ್ಲ.

ಆ ಸುದ್ದಿಯ ಮೂಲ ಸುಳ್ಳಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದಿದೆ. ಯಾವ ಯಾವ ವಸ್ತು ಕ್ಯಾನ್ಸರಿಗೆ ಕಾರಣವಾಗಬಹುದು ಎಂದು ಅದು ಪಟ್ಟಿ ಮಾಡುತ್ತದೆ. 1991ರಲ್ಲಿ ಅದು ಕಾಫಿಯನ್ನು, ಮೂತ್ರಕೋಶದ ಕ್ಯಾನ್ಸರಿನ ಮಟ್ಟಿಗೆ, 'ಕಾರಣ ಆಗಿರಲೂಬಹುದು' ಎಂಬ ಗುಂಪಿಗೆ ಸೇರಿಸಿತು. ಪತ್ರಿಕೆಯ ತುಂಡಿನಲ್ಲಿ ಮೂತ್ರಕೋಶವೂ ಇಲ್ಲ, 'ಆಗಿರಲೂಬಹುದು' ಎಂಬುದೂ ಇಲ್ಲ. ಎರಡು ಪದ ಬಿಟ್ಟುಹೋದವು, ಅಷ್ಟೇ. ಸಾರಿನಲ್ಲಿ ಉಪ್ಪು ಹುಳಿ ಬಿಟ್ಟುಹೋದಷ್ಟೇ!

ಇನ್ನೂ ಒಂದು ಮಾತು ಬಿಟ್ಟುಹೋಗಿತ್ತು. ಅದನ್ನು ಇಂದಿಗೂ ಬಹಳ ಪತ್ರಿಕೆಗಳು ಬಿಡುತ್ತವೆ. ಆ ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಕ್ಕಿ ಡಬ್ಬದೊಳಗೆ ಇಲಿ ಹೊಕ್ಕಿದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಹೊಕ್ಕಿದ್ದರೆ ಎಷ್ಟು ಅಕ್ಕಿ ತಿಂದಿದೆ ಎಂಬುದು ಇನ್ನೊಂದು. ನಾವು ಅಡುಗೆಮನೆಯಲ್ಲಿ ಈ ಎರಡನ್ನು ಎಂದೂ ಬೆರೆಸುವುದಿಲ್ಲ, ಪತ್ರಿಕೆಯಲ್ಲಿ ಬೆರೆಸಿ ಕೊಟ್ಟರೆ ನುಂಗುತ್ತೇವೆ. ಸಕ್ಕರೆಯ ಬದಲಿಗೆ ಬಳಸುವ ಆಸ್ಪರ್ಟೇಮ್ ಎಂಬ ಸಿಹಿಯನ್ನು 2023ರಲ್ಲಿ ಇದೇ 'ಆಗಿರಲೂಬಹುದು' ಗುಂಪಿಗೆ ಹಾಕಿದರು. ಲೋಳೆಸರದ ಇಡೀ ಎಲೆಯ ಸಾರವೂ ಅಲ್ಲಿಯೇ ಇದೆ. ಹಾಗೆಂದು ಹಿತ್ತಿಲ ಲೋಳೆಸರವನ್ನು ಕಿತ್ತೆಸೆಯಬೇಕೆಂದಲ್ಲ.

ಇಂಥ ಸುದ್ದಿ ಓದುವಾಗ ನಾವು ಮೊದಲು ಕೇಳಬೇಕಾದದ್ದು, ಯಾರನ್ನು ಯಾರ ಜೊತೆ ಹೋಲಿಸಿ ನೋಡಿದರು ಎಂದು. 1981ರಲ್ಲಿ ಅಮೆರಿಕದ ಹಾರ್ವರ್ಡ್‌ನ ಸಂಶೋಧಕರು ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆ ಎಂದು ಬರೆದರು. ಆ ಕಾಯಿಲೆಯವರು ಬೇರೆ ರೋಗಿಗಳಿಗಿಂತ ಹೆಚ್ಚು ಕಾಫಿ ಕುಡಿದಿದ್ದರು ಎಂಬುದು ಅವರ ಲೆಕ್ಕ. ಆದರೆ ಆ ಬೇರೆ ರೋಗಿಗಳಲ್ಲಿ ಎಷ್ಟೋ ಜನ ಹೊಟ್ಟೆ ಕರುಳಿನ ಬೇನೆಯವರು, ಅಂದರೆ ಕಾಫಿ ಒಗ್ಗದೆ ಮೊದಲೇ ಕಡಿಮೆ ಮಾಡಿದ್ದವರು. ಏಕಾದಶಿಯ ದಿನ ಪಕ್ಕದ ಮನೆಗೆ ಹೋಗಿ, ಇವರ ಮುಂದೆ ನಮ್ಮ ಮನೆಯವರು ಎಷ್ಟೊಂದು ತಿನ್ನುತ್ತಾರಪ್ಪಾ ಎಂದು ಹೆದರಿಕೊಂಡು ಬಂದಂತೆ! 1986ರಲ್ಲಿ ಅದೇ ಸಂಶೋಧಕರು ಮತ್ತೆ ನೋಡಿದಾಗ ಮೊದಲಿನಂಥ ನಂಟು ಕಾಣಲಿಲ್ಲ. ಮೂತ್ರಕೋಶದ ವಿಷಯದಲ್ಲೂ ಹೀಗೊಂದು ತೊಡಕಿತ್ತು. ಕಾಫಿ ಹೆಚ್ಚು ಕುಡಿಯುವವರ ನಡುವೆ ಸಿಗರೇಟು ಸೇದುವವರೂ ಹೆಚ್ಚು, ತಂಬಾಕಂತೂ ಆ ಕ್ಯಾನ್ಸರಿಗೆ ಕಾರಣವೆಂದು ಗೊತ್ತೇ ಇದೆ. ತಪ್ಪು ಯಾರದೆಂದು ಬಿಡಿಸುವುದು ಕಷ್ಟ. ನಮ್ಮ ಅತ್ತೆಯಂತೂ ಬೀಡಿಯನ್ನು ಮುಟ್ಟಿ ಕೂಡ ನೋಡಿದವರಲ್ಲ.

2016ರಲ್ಲಿ ಅದೇ ಲಿಯಾನ್‌ನಲ್ಲಿ 23 ಮಂದಿ ವಿಜ್ಞಾನಿಗಳು ಕೂತು, ಸಾವಿರಕ್ಕೂ ಮಿಕ್ಕಿದ ಅಧ್ಯಯನಗಳನ್ನು ತಿರುವಿ ಹಾಕಿ, ಕಾಫಿಯನ್ನು ಆ ಗುಂಪಿನಿಂದ ಕೆಳಗಿಳಿಸಿದರು. ಕಾಫಿ ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಸಾಕ್ಷ್ಯವಿಲ್ಲ ಎಂದರು. ಅದೇ ಸಭೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದರು. 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣವಾಗಬಹುದು, ಅಲ್ಲಿ ತಕರಾರು ಬಿಸಿಯದು, ಕಾಫಿಯದಲ್ಲ ಎಂದು.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅತ್ತೆ ಬಿಟ್ಟದ್ದು ಕಾಫಿಯನ್ನು, ಇಟ್ಟುಕೊಂಡದ್ದು ಬಿಸಿಯನ್ನು. ಆ ಬಿಸಿಯಿಂದ ಅವರಿಗೇನೂ ಆಗಲಿಲ್ಲ, ಅವರು ಹೋದದ್ದು ಹೃದಯದ ಕಾಯಿಲೆಯಿಂದ. ಇದನ್ನು ಹೇಳದೆ ಬಿಟ್ಟರೆ ನಾನೂ ಆ ಪತ್ರಿಕೆಯವರ ಕೆಲಸವನ್ನೇ ಮಾಡಿದ ಹಾಗಾಗುತ್ತದೆ.

ಕನ್ನಡದಲ್ಲಿ ವಿಜ್ಞಾನವನ್ನು ಹೀಗೇ ತುಂಡು ಮಾಡಿ ಬರೆಯಬೇಕೆಂದೇನೂ ಇಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ದಪ್ಪ ಸಂಪುಟಗಳನ್ನು ಬರೆದರು. ನಮ್ಮ ನೆರೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಬರೆದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' (1980) ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಅದರಲ್ಲಿ ದೊಡ್ಡ ವಿಜ್ಞಾನಿಯೊಬ್ಬ, ಊರಿನವರು ಕೆಲಸಕ್ಕೆ ಬಾರದವನೆಂದುಕೊಂಡ ಮಂದಣ್ಣನ ಬೆನ್ನು ಹತ್ತುತ್ತಾನೆ. ಮಂದಣ್ಣನಿಗೆ ಡಿಗ್ರಿ ಇಲ್ಲ, ನೋಡುವ ಕಣ್ಣಿದೆ. ಕೊನೆಗೆ ಹಾರುವ ಓತಿ ಕೈಗೆ ಸಿಗುವುದಿಲ್ಲ. ಪತ್ರಿಕೆಯ ಸುದ್ದಿಯಾಗಿದ್ದರೆ 'ಸಿಗಲಿಲ್ಲ' ಎಂಬ ಒಂದು ಮಾತಿಗೆ ಮುಗಿಯುತ್ತಿತ್ತು. ಕಾದಂಬರಿ ಆ ಹುಡುಕಾಟದಲ್ಲಿ ನಮ್ಮನ್ನೂ ಕರೆದುಕೊಂಡು ಹೋಗುತ್ತದೆ, ಆದ್ದರಿಂದ ಪುಸ್ತಕ ಮುಚ್ಚುವ ಹೊತ್ತಿಗೆ ಗೊತ್ತಿಲ್ಲ ಎನ್ನುವುದು ಅವಮಾನವೆನಿಸುವುದಿಲ್ಲ. ಒಂದು ತಕರಾರು ಮಾತ್ರ ನನಗೆ ಮೊದಲಿನಿಂದ ಇದೆ. ಓತಿ ಹುಡುಕಲು ಕಾಡಿಗೆ ಹೊರಟ ಆ ತಂಡದಲ್ಲಿ ಒಬ್ಬಳೂ ಹೆಂಗಸಿಲ್ಲ.

ಏಳೆಂಟು ಸಾಲಿನಲ್ಲಿ ಇಷ್ಟೆಲ್ಲ ಹೇಳಲು ಜಾಗವೆಲ್ಲಿ ಎಂದು ಪತ್ರಿಕೆಯವರು ಕೇಳಬಹುದು. ನ್ಯಾಯವೇ. ಆದರೆ 'ಯಾರ ಜೊತೆ ಹೋಲಿಸಿದರು', 'ಎಷ್ಟು ಖಚಿತ' ಎಂಬೆರಡಕ್ಕೆ ಎರಡು ಸಾಲು ಸಾಕು, ತಲೆಬರಹದ ದಪ್ಪ ಸ್ವಲ್ಪ ಕಡಿಮೆ ಮಾಡಿದರೆ ಆ ಜಾಗ ಸಿಗುತ್ತದೆ. ತಪ್ಪೆಲ್ಲ ಅವರದೂ ಅಲ್ಲ. 2016ರ ಸುದ್ದಿ ಬಂದ ದಿನ ನಮ್ಮ ಊರಿನ ಬೆಳೆಗಾರರ ಮನೆಗಳಲ್ಲಿ ಹಬ್ಬ. ಮೊಬೈಲಿನಿಂದ ಮೊಬೈಲಿಗೆ ಅದು ಹಾರಾಡಿತು. ನಾನೂ ಹತ್ತು ಜನಕ್ಕೆ ಕಳಿಸಿದೆ. ಬಿಸಿಯ ಮಾತನ್ನು ಮಾತ್ರ ಯಾರೂ ಕಳಿಸಲಿಲ್ಲ, ನಾನೂ ಕಳಿಸಲಿಲ್ಲ. ಹೆದರಿಸುವ ಸುದ್ದಿಯನ್ನು ತುಂಡು ಮಾಡುವವರು ಅವರಾದರೆ, ಮೆಚ್ಚುವ ಸುದ್ದಿಯನ್ನು ತುಂಡು ಮಾಡುವವರು ನಾವು.

ಇನ್ನೊಂದು ಬಗೆಯ ಸುದ್ದಿಯಿದೆ, ಅದು ತುಂಡಾಗಿಯೂ ನಮ್ಮ ಕಡೆಗೆ ಬರುವುದಿಲ್ಲ. ಬಸುರಿಯರು ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ತೆಗೆದುಕೊಳ್ಳುತ್ತಿದ್ದರೆ ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಅದೇ 2016ರಲ್ಲಿ ಹೇಳಿತು. ಅದಕ್ಕೂ ಬಹಳ ಹಿಂದೆ, 1983ರಲ್ಲಿ, ಅಮೆರಿಕದ ಒಂದು ಅಧ್ಯಯನ ಊಟದ ಜೊತೆ ಒಂದು ಲೋಟ ಕಾಫಿ ಕುಡಿದರೆ ಆ ಊಟದ ಕಬ್ಬಿಣಾಂಶ ಮೈಗೆ ಹತ್ತುವುದು ನೂರಕ್ಕೆ 39ರಷ್ಟು ಕಡಿಮೆಯಾಗುತ್ತದೆ, ಟೀ ಕುಡಿದರೆ 64ರಷ್ಟು ಎಂದು ಕಂಡುಕೊಂಡಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ತೊಂದರೆಯಿಲ್ಲ, ಊಟವಾದ ಒಂದು ಗಂಟೆಗೆ ಕುಡಿದರೆ ಜೊತೆಗೆ ಕುಡಿದಷ್ಟೇ ನಷ್ಟ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ತೋಟದಲ್ಲಿ ಹಣ್ಣು ಕೊಯ್ಯುವ ಹೆಂಗಸರು ಬುತ್ತಿ ಬಿಚ್ಚಿ ರೊಟ್ಟಿಯ ಜೊತೆಗೇ ಕಾಫಿ ಕುಡಿಯುವುದನ್ನು ಮೂವತ್ತೈದು ವರ್ಷದಿಂದ ನೋಡುತ್ತಿದ್ದೇನೆ. ಈ ಸುದ್ದಿ ದಪ್ಪಕ್ಷರದಲ್ಲಿ ಬಂದದ್ದನ್ನು ನಾನು ಕಂಡಿಲ್ಲ. ಇದರಲ್ಲಿ ಹೆದರಿಕೆಯೂ ಇಲ್ಲ, ಹೊಗಳಿಕೆಯೂ ಇಲ್ಲ, ಕಾಫಿಯ ಹೊತ್ತನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಆಗುವ ಉಪಕಾರ ಮಾತ್ರ ಇದೆ.

ಪತ್ರಿಕೆಯ ತುಂಡು ಸಿಕ್ಕ ಮರುವಾರ ಕೊಯ್ಲಿನ ಹೆಂಗಸರು ಬುತ್ತಿ ಬಿಚ್ಚಿದ್ದಾಗ ಹೋಗಿ ಈ ಕಬ್ಬಿಣದ ಸಂಗತಿ ಹೇಳಿದೆ. ಸ್ವಲ್ಪ ಮೇಷ್ಟ್ರ ಧಾಟಿಯಲ್ಲೇ ಹೇಳಿರಬೇಕು. ಎಲ್ಲರೂ ತಲೆಯಾಡಿಸಿದರು. ಅವರಲ್ಲಿ ಹಿರಿಯಾಕೆ ರೊಟ್ಟಿ ಮುರಿಯುತ್ತಾ ಕೇಳಿದಳು:

"ಅಮ್ಮಾ, ಇದುನ್ನ ಯಾರ್ ಮೇಲ್ ನೋಡಿ ಬರದ್ರು? ಅವ್ರು ಏನ್ ಉಣ್ತಿದ್ರು?"

ಅವರು ಉಂಡದ್ದು ಹ್ಯಾಂಬರ್ಗರ್, ಅಂದರೆ ಮಾಂಸವಿಟ್ಟ ಬನ್ನು, ನಮ್ಮ ಅಕ್ಕಿ ರೊಟ್ಟಿಯಲ್ಲ ಎಂದು ಒಪ್ಪಿಕೊಂಡೆ. ಹಾಗಾದರೆ ನಮ್ಮ ಲೆಕ್ಕ 39 ಆಗದೆ ಹೆಚ್ಚೋ ಕಡಿಮೆಯೋ ಆಗಬಹುದು, ಆದರೆ ಊಟಕ್ಕೂ ಕಾಫಿಗೂ ನಡುವೆ ಅಂತರ ಬಿಟ್ಟರೆ ನಷ್ಟವೇನೂ ಇಲ್ಲ ಎಂದೆ. ಆಕೆ ಒಂದು ಗಳಿಗೆ ಯೋಚಿಸಿ, "ಅಂಗಾರೆ ಮೊದ್ಲೇ ಕುಡ್ಕಂಡು ಒಂದ್ ಸಾಲ್ ಕೊಯ್ದು ಆಮ್ಯಾಕೆ ಉಂಡ್ರಾಯ್ತು" ಎಂದಳು. ಈಗ ತೋಟದಲ್ಲಿ ಕಾಫಿಯ ಹಂಡೆ ಬುತ್ತಿಗಿಂತ ಒಂದು ಗಂಟೆ ಮೊದಲು ಹೋಗುತ್ತದೆ.

ಆಕೆ ಕೇಳಿದ ಆ ಎರಡು ಪ್ರಶ್ನೆಯನ್ನು 1992ರ ಆ ಸಂಜೆ ಜಗಲಿಯಲ್ಲಿ ನಮ್ಮಲ್ಲಿ ಯಾರಾದರೂ ಕೇಳಬಹುದಿತ್ತು. ಮೈದುನ ಬಿಎಸ್ಸಿ ಓದಿದವನು, ನಾನು ಹೈಸ್ಕೂಲು ಮುಗಿಸಿದವಳು. ಇಬ್ಬರೂ ಕೇಳಲಿಲ್ಲ. ಪತ್ರಿಕೆಯ ತುಂಡನ್ನು ಎಸೆಯಲು ಮನಸ್ಸಾಗದೆ ಸಾರಿನ ಪುಡಿಯ ಅಳತೆ ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದೇನೆ. ಅತ್ತೆಯ ಲೋಟದಲ್ಲಿ ಬೆಳಗಿನ ಮೊದಲ ಡಿಕಾಕ್ಷನ್ ಈಗ ನನ್ನದು. ಸ್ವಲ್ಪ ಆರಿಸಿ ಕುಡಿಯುತ್ತೇನೆ.