ಬೀಗ ಸರಿ, ಬೀಗದ ಕೈ ಯಾರ ಹತ್ರ?

'ಅನ್‌ಲಾಕ್' ಅನ್ನೋ ಶಬ್ದಕ್ಕೆ ಮೊಬೈಲ್ ಅಂಗಡಿಯವರ ಬಾಯಲ್ಲಿ ಒಂದು ಅರ್ಥ, ಫೋನ್ ಹಿಡ್ಕೊಂಡು ಹೋದವರ ತಲೆಯಲ್ಲಿ ಇನ್ನೊಂದು ಅರ್ಥ. ಸಾಗರದ ಪೇಟೆಯಲ್ಲಾಗಲಿ ತೀರ್ಥಹಳ್ಳಿಯಲ್ಲಾಗಲಿ, "ಪಿನ್ ಮರ್ತ್ಹೋಗಿದೆ, ತೆಗೆದು ಕೊಡ್ತೀರಾ?" ಅಂತ ಕೇಳಿ ನೋಡಿ. "ಅರ್ಧ ಗಂಟೆ ಬಿಟ್ಟು ಬನ್ನಿ" ಅಂತಾರೆ. ಅರ್ಧ ಗಂಟೆ ಬಿಟ್ಟು ಹೋದರೆ ಫೋನ್ ತೆರೆದಿರುತ್ತದೆ, ನಿಜ. ಆದರೆ ಒಳಗೆ ಏನೂ ಇರುವುದಿಲ್ಲ. ಮನೆಯ ಬೀಗ ತೆಗೆಯಲು ಕರೆದವನು ಒಳಗಿನ ಸಾಮಾನನ್ನೆಲ್ಲ ಸುಟ್ಟು, ಬಾಗಿಲು ತೆರೆದಿಟ್ಟು ಕೂಲಿ ಕೇಳಿದ ಹಾಗೆ.

ಹಾಗಂತ ಅಂಗಡಿಯ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಬೇರೆ ದಾರಿಯೇ ಇಲ್ಲ. ಆಂಡ್ರಾಯ್ಡ್ 4.4ರ ತನಕ ಪ್ಯಾಟರ್ನ್ ಮರೆತು ನಾಲ್ಕೈದು ಸಲ ತಪ್ಪು ಗೀಚಿದರೆ, ಕೆಳಗೆ 'ಪ್ಯಾಟರ್ನ್ ಮರೆತಿರಾ' ಅನ್ನೋ ಬಟನ್ ಬರ್ತಿತ್ತು. ಜಿಮೇಲ್ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡ್ತಿತ್ತು, ಒಂದು ಫೋಟೊನೂ ಹೋಗ್ತಿರಲಿಲ್ಲ. 2014ರ ಕೊನೆಗೆ ಆಂಡ್ರಾಯ್ಡ್ 5 ಬಂತು, ಆ ಬಟನ್ ಹೋಯ್ತು. ಈಗಿನ ಫೋನುಗಳಲ್ಲಿ ಒಳಗಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಹೊಸ ಫೋನುಗಳಿಗೆಲ್ಲ ಅದು ಕಡ್ಡಾಯವೇ ಆಯ್ತು. ಆದ್ದರಿಂದ ಪಿನ್ ಅನ್ನೋದು ಬಾಗಿಲಿನ ಚಿಲಕ ಅಲ್ಲ. ನಿಮ್ಮ ಪಿನ್ನು ಮತ್ತು ಫೋನಿನ ಚಿಪ್ಪಿನೊಳಗೆ ಹುದುಗಿರುವ ಒಂದು ಗುಟ್ಟು, ಎರಡೂ ಸೇರಿದರೆ ಮಾತ್ರ ಬೀಗದ ಕೈ ತಯಾರಾಗುತ್ತದೆ. ಪಿನ್ ಇಲ್ಲ ಅಂದರೆ ಬೀಗದ ಕೈಯೇ ಇಲ್ಲ.

ನಾಲ್ಕಂಕಿಯ ಪಿನ್ನಿಗೆ ಸಾಧ್ಯತೆ ಹತ್ತೇ ಸಾವಿರ. ಒಂದೊಂದಾಗಿ ಒತ್ತಿ ನೋಡಬಹುದಲ್ಲ ಅನ್ನಿಸಬಹುದು. ಅದನ್ನು ತಡೆಯೋಕೇ ತಪ್ಪು ಜಾಸ್ತಿ ಆದ ಹಾಗೆ ಕಾಯುವ ಹೊತ್ತೂ ಜಾಸ್ತಿ ಆಗುತ್ತಾ ಹೋಗುವುದು. 2016ರಲ್ಲಿ ಅಮೆರಿಕದ ಎಫ್‌ಬಿಐ ಒಬ್ಬ ಹಂತಕನ ಐಫೋನ್ 5ಸಿ ತೆರೆಯಲು ಈ ತಡೆಗಳನ್ನು ತೆಗೆದುಹಾಕುವ ಸಾಫ್ಟ್‌ವೇರ್ ಬರೆದುಕೊಡಿ ಅಂತ ಕೋರ್ಟ್ ಆದೇಶ ತಂದಿತ್ತು. ಆ್ಯಪಲ್ ಒಪ್ಪಲಿಲ್ಲ. ಕೊನೆಗೆ ಎಫ್‌ಬಿಐ ಹೊರಗಿನವರ ನೆರವಿನಿಂದ ತೆರೆಸಿತು. ಎಫ್‌ಬಿಐಗೇ ಇಷ್ಟು ಒದ್ದಾಟ ಅಂದಮೇಲೆ "ಡೇಟಾ ಹೋಗದ ಹಾಗೆ ಐದೇ ನಿಮಿಷದಲ್ಲಿ ಅನ್‌ಲಾಕ್" ಅನ್ನೋ ವಿಡಿಯೋಗಳನ್ನು ಎಷ್ಟು ನಂಬಬೇಕು ಅಂತ ನೀವೇ ಲೆಕ್ಕ ಹಾಕಿ.

ಕೋಡ್ ಬರೆದು ಹೊಟ್ಟೆ ಹೊರೆಯುವವನಾಗಿ ಹೇಳ್ತೇನೆ, ಈ ಬೀಗ ಸರಿಯಾಗೇ ಇದೆ. ಬ್ಯಾಂಕು, ಯುಪಿಐ, ಆಧಾರ್ ಎಲ್ಲ ಒಂದೇ ಡಬ್ಬಿಯಲ್ಲಿ ಇಟ್ಕೊಂಡು ಬಸ್ಸಿನಲ್ಲಿ ಓಡಾಡುವ ನಮಗೆ ಇಷ್ಟು ಗಟ್ಟಿ ಬೀಗ ಬೇಕು. ಕಂಪನಿಗೊಂದು ಹಿಂಬಾಗಿಲು ಇರಲಿ ಅಂತ ನಾನು ಕೇಳ್ತಾ ಇಲ್ಲ. ಆ ಹಿಂಬಾಗಿಲಿನಿಂದ ಮೊದಲು ನುಗ್ಗುವವರು ನಮ್ಮ ಚಿಕ್ಕಮ್ಮಂದಿರಾಗಿರುವುದಿಲ್ಲ. ನನ್ನ ತಕರಾರು ಬೇರೆ. ಮಾಲೀಕನೇ ಬೀಗದ ಕೈ ಕಳ್ಕೊಂಡರೆ ಏನು ಅನ್ನೋ ಪ್ರಶ್ನೆಗೆ ಈ ಬೀಗ ಮಾಡಿದವರು ಕೊಟ್ಟ ಉತ್ತರ, ಇನ್ನೊಂದು ಲ್ಯಾಪ್‌ಟಾಪ್ ಇರುವ, ಮನೆಯಲ್ಲಿ ವೈಫೈ ಇರುವ, ತನ್ನ ಇಮೇಲ್ ತಾನೇ ಮಾಡಿಕೊಂಡ ಮನುಷ್ಯನಿಗೆ ಮಾತ್ರ ಹೊಂದುವಂಥದ್ದು. ನಮ್ಮ ಮೂರು ತಾಲೂಕಿನ ಮೂರು ಸಂಗತಿ ಹೇಳಿದರೆ ಇದು ಅರ್ಥವಾದೀತು.

ಮೊದಲನೆಯದು ಹೊಸನಗರದ್ದು. ನಗರದ ಕಡೆಯ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ, ಸಂಘದ ಮೀಟಿಂಗಿನಲ್ಲಿ ಯಾರೋ "1234 ಥರದ ಪಿನ್ ಇಡಬೇಡಿ, ದುಡ್ಡು ಹೊಡೀತಾರೆ" ಅಂದದ್ದನ್ನು ಕೇಳಿ ಬಂದು ಅದೇ ಸಂಜೆ ಪಿನ್ ಬದಲಿಸಿದರು. ಎರಡು ದಿನ ಬೆರಳಿಟ್ಟೇ ಫೋನ್ ತೆಗೆದರು. ಮೂರನೇ ದಿನ ಗಾಳಿಮಳೆಗೆ ಕಂಬ ಬಿತ್ತು, ಕರೆಂಟು ಹೋಯ್ತು, ಫೋನ್ ಚಾರ್ಜಿಲ್ಲದೆ ಆಫ್ ಆಯ್ತು. ಕರೆಂಟು ಬಂದ ಮೇಲೆ ಆನ್ ಮಾಡಿದರೆ ಬೆರಳು ನಡೆಯುತ್ತಿಲ್ಲ. ಚಿಕ್ಕಪ್ಪನ ಫೋನಿನಿಂದ ನನಗೆ ಕಾಲ್ ಬಂತು: "ಎಂತ ಆಯ್ತೇನ ಮಾರಾಯ, ಬೆರಳಿಟ್ರೆ ಪಿನ್ ಹಾಕು ಅಂತದೆ. ನನ್ನ ಬೆರಳು ನಂದಲ್ವಾ ಹಾಗಾದ್ರೆ?"

ಬೆರಳು ಅವರದ್ದೇ. ಆದರೆ ಫೋನ್ ಆಫ್ ಆಗಿ ಮತ್ತೆ ಆನ್ ಆದಾಗ ಎನ್‌ಕ್ರಿಪ್ಟ್ ಆದದ್ದನ್ನು ಬಿಡಿಸುವ ಶಕ್ತಿ ಬೆರಳಿಗಿಲ್ಲ, ಪಿನ್ನೇ ಬೇಕು. ಅಲ್ಲೀವರೆಗೆ ಕಾಂಟ್ಯಾಕ್ಟ್ ಪಟ್ಟಿಯೂ ಫೋನಿಗೇ ತಿಳಿಯದು. ಕಾಲ್ ಬಂದರೆ ರಿಂಗ್ ಆಗುತ್ತದೆ, ಹೆಸರಿರಲ್ಲ, ಬರೀ ನಂಬರು. ಇಷ್ಟು ವಿಷಯ ಬೆಂಗಳೂರಿನಲ್ಲಿ ನಮಗೆ ಗೊತ್ತೇ ಆಗುವುದಿಲ್ಲ, ಯಾಕಂದ್ರೆ ನಮ್ಮ ಫೋನು ಆಫ್ ಆಗುವುದೇ ಅಪರೂಪ. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಊರಿನಲ್ಲಿ ಅದು ಮಾಮೂಲು.

ಆ ಫೋನಿನಲ್ಲಿ ಚಿಕ್ಕಮ್ಮನ ಅಮ್ಮ ಹೇಳಿದ ಹಸೆ ಹಾಡುಗಳ ರೆಕಾರ್ಡಿಂಗ್ ಇದ್ದವು. ಹೇಳಿದ ಅಜ್ಜಿ ಈಗಿಲ್ಲ. ಬ್ಯಾಕಪ್ ಯಾಕಿಲ್ಲ ಅಂತ ನೀವು ಕೇಳಬಹುದು. ಲಾಕ್‌ಡೌನಿನಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಗುಡ್ಡ ಹತ್ತಿದ ಊರುಗಳಿವು. ಒಂದು ಬಾರ್ ಸಿಗ್ನಲ್ಲಿನಲ್ಲಿ ಒಂದು ಫೋಟೊ ಹೋದರೆ ಪುಣ್ಯ. ತಂಗಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ ಎರಡು ಹಾಡು ಉಳಿದಿವೆ. ಮಿಕ್ಕವು ಒಳಗೇ ಇವೆ. "ಅಳಿಸೋದು ಬೇಡ, ಎಂದಾದ್ರೂ ನೆನಪಾದ್ರೆ?" ಅಂತ ಚಿಕ್ಕಮ್ಮ ಸಿಮ್ ತೆಗೆದು ಬೇರೆ ಫೋನಿಗೆ ಹಾಕ್ಕೊಂಡರು. ಹಳೇದು ಕಪಾಟಿನಲ್ಲಿದೆ. ಆಗಾಗ ಚಾರ್ಜ್ ಮಾಡಿ ಒಂದೊಂದು ಪಿನ್ ಒತ್ತಿ ನೋಡ್ತಾರಂತೆ.

ಇದಕ್ಕೆ ಮದ್ದೇ ಇಲ್ಲ ಅಂತಲ್ಲ. ಪಿನ್ ಮರೆಯುವುದು ಬದಲಿಸಿದ ಹೊಸತರಲ್ಲೇ ಹೆಚ್ಚು. ಇದನ್ನು ತಿಳಿದೇ ಆ್ಯಪಲ್ 2023ರ ಐಒಎಸ್ 17ರಲ್ಲಿ, ಪಾಸ್‌ಕೋಡ್ ಬದಲಿಸಿದ 72 ಗಂಟೆಯೊಳಗೆ ಹಳೆಯದನ್ನು ಕೊಟ್ಟು ಹೊಸತನ್ನು ಮತ್ತೆ ಇಟ್ಟುಕೊಳ್ಳಲು ಬಿಟ್ಟಿತು. ಚಿಕ್ಕಮ್ಮನಿಗೆ ಬೇಕಿದ್ದದ್ದು ಇಷ್ಟೇ. ಅವರ ಫೋನಿನಲ್ಲಿ ಅದಿರಲಿಲ್ಲ. ಅಗ್ಗದ ಫೋನಿಗೂ ದುಬಾರಿ ಫೋನಿಗೂ ಬೀಗ ಇದ್ದೇ ಇದೆ. ಮರೆವಿಗೆ ತೋರಿಸುವ ದಯೆ ಮಾತ್ರ ಕಂಪನಿಗೊಂದು ಥರ.

ಎರಡನೆಯದು ತೀರ್ಥಹಳ್ಳಿಯದ್ದು, ಗೆಳೆಯನೊಬ್ಬನ ಅಪ್ಪಯ್ಯನ ಕಥೆ. ಅವರೂ ಪ್ಯಾಟರ್ನ್ ಮರೆತರು. ಫೋಟೊ ಹೋದರೆ ಹೋಗಲಿ ಅಂತ ಧೈರ್ಯ ಮಾಡಿ ರಿಸೆಟ್ ಮಾಡಿಸಿದರು. ಆಮೇಲೆ ಫೋನು "ಮೊದಲು ಇದ್ದ ಗೂಗಲ್ ಖಾತೆ ಹಾಕಿ" ಅಂತ ಕೂತಿತು. ಯಾವ ಖಾತೆ? ಫೋನ್ ಕೊಂಡ ದಿನ ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಅವರ ಹೆಸರಿನಲ್ಲಿ ಒಂದು ಜಿಮೇಲ್ ಮಾಡಿ, ರಿಕವರಿಗೆ ತನ್ನದೇ ನಂಬರ್ ಕೊಟ್ಟು ಕಳಿಸಿದ್ದ. ಅಪ್ಪಯ್ಯನಿಗೆ ತನಗೊಂದು ಇಮೇಲ್ ಇದೆ ಅನ್ನೋದೇ ಗೊತ್ತಿಲ್ಲ. ಹುಡುಗ ಅಂಗಡಿ ಬಿಟ್ಟು ಹೋಗಿ ವರ್ಷವಾಗಿತ್ತು.

ಇದು 2015ರ ಆಂಡ್ರಾಯ್ಡ್ 5.1ರ ಜೊತೆ ಬಂದ ಕಳ್ಳತನ ತಡೆಯುವ ವ್ಯವಸ್ಥೆ. ಕದ್ದವನು ಅಳಿಸಿ ಮಾರಬಾರದು ಅನ್ನೋದು ಉದ್ದೇಶ. ಒಳ್ಳೇದೇ. ಆದರೆ ಇಲ್ಲಿ ಫೋನಿನ ಲೆಕ್ಕಕ್ಕೆ ಮಾಲೀಕ ಅಂಗಡಿ ಹುಡುಗ, ಕಳ್ಳ ಅಪ್ಪಯ್ಯ! ಬಿಲ್ ಹುಡುಕಿ ತೆಗೆದು ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ಎರಡು ಸಲ ಬಸ್ ಹತ್ತಿದ ಮೇಲೆ ಫೋನು ಮತ್ತೆ ಅವರದ್ದಾಯ್ತು. ಮುಂದೆ ಯಾವತ್ತಾದರೂ ಬೇಕಾಗುವ ನಿರ್ಧಾರಗಳನ್ನೆಲ್ಲ ಈ ಫೋನುಗಳು ಮೊದಲ ಹತ್ತು ನಿಮಿಷದಲ್ಲೇ ಕೇಳಿ ಮುಗಿಸುತ್ತವೆ. ಆ ಹತ್ತು ನಿಮಿಷ ಫೋನ್ ಇರುವುದು ಮಾಲೀಕನ ಕೈಯಲ್ಲಲ್ಲ, ಅಂಗಡಿಯ ಕೌಂಟರಿನಲ್ಲಿ. ತಿಂಗಳಾದ ಮೇಲೆ ಒಮ್ಮೆ, ಅರ್ಥವಾಗುವ ಕನ್ನಡದಲ್ಲಿ, "ಈ ಖಾತೆ ನಿಮ್ಮದೇ ಹೌದಾ? ಈ ನಂಬರ್ ನಿಮ್ಮದಾ?" ಅಂತ ಕೇಳಿದ್ದರೆ ಸಾಕಿತ್ತು.

ಮೂರನೆಯದು ಸಾಗರದ ಹತ್ತಿರದ್ದು. ನಮ್ಮ ಸೋದರಮಾವ ಈ ಎರಡೂ ಕಥೆ ಕೇಳಿದ ಮೇಲೆ ತಮ್ಮ ಪಿನ್ನನ್ನು ಪಂಚಾಂಗದ ಒಳರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟರು. ಅಡಿಕೆ ಕೊಯ್ಲಿನ ಲೆಕ್ಕದ ಪಕ್ಕದಲ್ಲೇ. ನಮ್ಮ ಆಫೀಸಿನ ಸೆಕ್ಯುರಿಟಿ ಟ್ರೇನಿಂಗಿನವರು ಕೇಳಿದರೆ ತಲೆ ತಿರುಗಿ ಬಿದ್ದಾರು. ನಾನಂತೂ ಮಾವನ ಪರ. ಫೋನ್ ಕದಿಯುವವನು ಬಸ್‌ಸ್ಟ್ಯಾಂಡಿನಲ್ಲಿರುತ್ತಾನೆ, ಪಂಚಾಂಗ ಮನೆಯ ಮೊಳೆಗೆ ನೇತಾಡುತ್ತಿರುತ್ತದೆ. ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ, ಗಟ್ಟಿ ಪಾಸ್‌ವರ್ಡ್ ಇಟ್ಟು ಅದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ ಅಂದಿದ್ದರು. 'ಎಲ್ಲೂ ಬರೆಯಬೇಡಿ' ಅನ್ನೋ ಉಪದೇಶ ಆಫೀಸಿಗೆ ಸರಿ, ಅದನ್ನೇ ಅಡಿಕೆ ಮನೆಗೂ ಹೇಳಿದ್ದೇ ತಪ್ಪು.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ. ಒಂದು ಗುಟ್ಟನ್ನು ಹಲವರಿಗೆ ಹಂಚಿ, ಇಂತಿಷ್ಟು ಜನ ಸೇರಿದರೆ ಮಾತ್ರ ತೆರೆಯುವ ಹಾಗೆ ಮಾಡುವ ಗಣಿತವನ್ನು ಆದಿ ಶಮೀರ್ 1979ರಲ್ಲೇ ಬರೆದಿಟ್ಟಿದ್ದಾರೆ. ಬ್ಯಾಂಕ್ ಲಾಕರಿಗೆ ಎರಡು ಬೀಗದ ಕೈ ಇರುವ ಹಾಗೆ. ನಾನೇ ಆರಿಸಿದ ಮೂವರಲ್ಲಿ ಇಬ್ಬರು ಒಪ್ಪಿದರೆ ನನ್ನ ಫೋನ್ ತೆರೆಯಲಿ. ಇದರಲ್ಲೊಂದು ಅಪಾಯ ಇದೆ. ನಮ್ಮ ಮನೆಗಳಲ್ಲಿ ಸೊಸೆಯ ಫೋನನ್ನು ಯಾರಿಂದ ಕಾಪಾಡಬೇಕು ಅನ್ನೋ ಪ್ರಶ್ನೆಗೆ ಉತ್ತರ ಕೆಲವೊಮ್ಮೆ ಮನೆಯವರೇ. ಅದಕ್ಕೇ ಆ ಮೂವರನ್ನು ಆರಿಸುವುದೂ, ತೆಗೆದುಹಾಕುವುದೂ ಅವಳ ಕೈಯಲ್ಲೇ ಇರಬೇಕು, ತೆರೆಯುವ ಮೊದಲು ಒಂದು ದಿನದ ಕಾಯುವಿಕೆ ಇರಬೇಕು. 2021ರಲ್ಲಿ ಆ್ಯಪಲ್ ಖಾತೆ ಮರಳಿ ಪಡೆಯಲು ನಂಬಿಕಸ್ಥರನ್ನು ನೇಮಿಸುವ ಸೌಲಭ್ಯ ಕೊಟ್ಟಿತು, ಆದರೆ ಅದು ಖಾತೆಗೆ, ಫೋನಿನ ಬೀಗಕ್ಕಲ್ಲ. ಕಷ್ಟದ ಕೆಲಸವೇ, ಒಪ್ತೇನೆ. ಆದರೆ ಬೆರಳು, ಮುಖ ಎಲ್ಲ ಗುರುತು ಹಿಡಿಯೋದನ್ನು ಕಲಿಸಿದವರಿಗೆ ಇದು ಅಸಾಧ್ಯ ಅನ್ನೋದನ್ನು ನಂಬೋದು ಕಷ್ಟ.

ಅವರು ಮಾಡುವ ತನಕ ಕೆಲಸ ನಮ್ಮದು. ಊರಿನ ಫೋನುಗಳ ಐಟಿ ಡಿಪಾರ್ಟ್‌ಮೆಂಟು ಅಂದ್ರೆ ಬೆಂಗಳೂರಲ್ಲಿ ಕೂತ ನಾವೇ ಅಲ್ವಾ. ಈ ಸಲ ಹಬ್ಬಕ್ಕೆ ಹೋದಾಗ ಅಪ್ಪ ಅಮ್ಮನ ಫೋನಿನಲ್ಲಿ ಯಾವ ಖಾತೆ ಇದೆ ನೋಡಿ, ರಿಕವರಿ ನಂಬರ್ ಯಾರದ್ದು ನೋಡಿ, ಪಿನ್ನನ್ನು ಅವರ ಕೈಯಲ್ಲೇ ಎಲ್ಲಾದರೂ ಬರೆಸಿಡಿ. ಫೋಟೊ, ರೆಕಾರ್ಡಿಂಗ್ ಎಲ್ಲ ಕೇಬಲ್ ಹಾಕಿ ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಗೂಗಲ್ಲಿನ 15 ಜಿಬಿ ಜಾಗ ಸಾಕಾಗಲ್ಲ, ಅಲ್ಲಿಯ ಸಿಗ್ನಲ್ಲೂ ಸಾಕಾಗಲ್ಲ. ನಡುವೆ ಕರೆಂಟು ಹೋದರೂ ಹೋಗಬಹುದು. ಅದಕ್ಕೇ ಒಂದು ದಿನ ಜಾಸ್ತಿ ರಜೆ ಹಾಕಿ ಹೋಗಿ.